ಕೈಗವಸು ತೊಟ್ಟ ಗಿರಾಕಿ
ಇಂಗ್ಲೆಂಡಿನ ಬಾರ್ನ್ಸ್ಲಿ ಊರಿನ ಹಾರ್ಡ್‌ವೇರ್ ಅಂಗಡಿಗೆ ಕ್ಲಿಫರ್ಡ್ ಹೇಗ್ ಅವರು ಕಾಲಿಟ್ಟರೆಂದರೆ ಅಂಗಡಿಯ ಮೌರೀನ್ ಟೀಗೆ ನೀರಿಟ್ಟುಬಿಡುತ್ತಾಳೆ, ಏಕೆಂದರೆ ಕಿಟಕಿಗೊಂದು ಹಿಡಿಕೆ ಆರಿಸುವುದೆಂದರೆ ಅವರಿಗೆ ಮಗಳಿಗೆ ಗಂಡು ನೋಡಿದಷ್ಟು ದೊಡ್ಡ ಕೆಲಸ. ಜೋಡಿಗಾಜಿನ ಕಿಟಕಿಯಿಂದ ಬಿಚ್ಚಿದ ಹಳೆಯ ಹಿಡಿಕೆಯನ್ನು ಬ್ರೆಡ್ಡಿನ ಕವರಿನಿಂದ ಹೊರತೆಗೆದು, ಅದರ ಬೆನ್ನಿನ, ಕಿಟಕಿಯೊಳಗೆ ಕೂರುವ ಚೌಕ ಕಡ್ಡಿಯನ್ನು ಮೂರು ಸಲ ಅಳೆಯುತ್ತಾರೆ. ಮೂರೂ ಸಲ ಒಂದೇ ಬಂದರೆ ಟೇಪಿನ ಮೇಲೇ ಅನುಮಾನ. ಬಿಳಿಯದು ಆಸ್ಪತ್ರೆಯ ಹಾಗಿದೆ, ಹೊಂಬಣ್ಣದ್ದಕ್ಕೆ ಜಂಬ ಜಾಸ್ತಿ. ಆಮೇಲೆ ಕೋಟಿನ ಜೇಬಿನಿಂದ ಅಡುಗೆಮನೆಯ ದಪ್ಪ ಕೈಗವಸು ತೆಗೆದು ತೊಟ್ಟು, ಹಲಗೆಗೆ ಬಿಗಿದ ಒಂದೊಂದೇ ಹಿಡಿಕೆಯನ್ನು ತಿರುಗಿಸಿ ನೋಡುತ್ತಾರೆ. "ಏನ್ ಮಹಾರಾಯ್ರೇ, ಕಿಟಕಿ ತೆಗೀತೀರೋ, ಓವನ್‌ನಿಂದ ಕೇಕ್ ತೆಗೀತೀರೋ?" ಎಂದು ಮೌರೀನ್ ಕಾಲೆಳೆದರೆ, "ನೀನು ಟೀ ಮಾಡಮ್ಮ, ಸಕ್ಕರೆ ಎರಡು ಚಮಚ" ಎನ್ನುತ್ತಾರೆ. ಹೀಗೆ ಮೂರು ಶನಿವಾರಗಳಲ್ಲಿ ಹನ್ನೊಂದು ಹಿಡಿಕೆಗಳು ಫೇಲಾದವು. ನಾಲ್ಕನೆಯ ಶನಿವಾರ, ಉದ್ದ ಬಾಲದ ಬೂದು ಹಿಡಿಕೆಯೊಂದು ಗವಸು ತಾಗಿದ್ದೇ ತಡ ಸಲೀಸಾಗಿ ತಿರುಗಿತು. "ಗೆದ್ದೆ ಕಣಮ್ಮಾ!" ಎಂದು ಅವರು ಕೂಗಿದ ರಭಸಕ್ಕೆ ಮೌರೀನಳ ಟೀ ಚೆಲ್ಲಿತು. "ನನ್ನ ಹೆಂಡ್ತಿ ಎನಿಡ್‌ಗೆ ಈಗ, ಈ ಗವಸು ತೊಟ್ಟ ಕೈ ಹಾಗೇ, ಬೆರಳು ಮಡಚಕ್ಕಾಗಲ್ಲ. ತೋಟದಲ್ಲಿರೋ ನನ್ನನ್ನ ಬೈಬೇಕಂದ್ರೂ, ಕಿಟಕಿ ತೆಗೆಯೋದಕ್ಕೆ ನಾನೇ ಒಳಗೆ ಹೋಗ್ಬೇಕು." ಭಾನುವಾರ ಹೊಸ ಹಿಡಿಕೆ ಬಿಗಿದು, ಸೋಮವಾರ ಬೆಳಿಗ್ಗೆ ಅವರು ತೋಟದಲ್ಲಿ, ಬೇಕೆಂತಲೇ, ಹೂವಿನ ಪಾತಿಯ ಮೇಲೆ ಕಾಲಿಟ್ಟು ಕಾದರು. ಕಿಟಕಿ ಪಟ್ಟನೆ ತೆರೆಯಿತು. "ಕ್ಲಿಫರ್ಡ್! ಕಣ್ಣೇನು ನೆತ್ತಿ ಮೇಲಿದ್ಯಾ?" ಅವರು ಟೋಪಿ ತೆಗೆದು, ಪದಕ ಕೊರಳಿಗೆ ಹಾಕಿಸಿಕೊಳ್ಳುವವರಂತೆ ತಲೆಬಾಗಿ, ಪೂರ್ತಿ ಬೈಸಿಕೊಂಡರು.