ಎದುರುಮನೆ ಮಾವ ಬೇಡವೆಂದ ಗೋಲು

ಮಾವನ ಬಲಗಾಲಿನ ಹೆಬ್ಬೆರಳು ಉಳಿದ ನಾಲ್ಕು ಬೆರಳುಗಳ ಜೊತೆ ಮಾತು ಬಿಟ್ಟಂತೆ ದೂರ ನಿಂತಿರುತ್ತಿತ್ತು. ಮೂವತ್ತು ವರ್ಷ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಬೆರಳ ಸಂದಿನಲ್ಲಿ ಹಗ್ಗ ಹಿಡಿದು ತುಳಿದು ತುಳಿದು ಅದು ಹಾಗಾಗಿತ್ತು. ಉಗುರು ಹುಣಸೆಬೀಜದ ಹಾಗೆ ಕಪ್ಪಗೆ, ದಪ್ಪಗೆ. ಮೊಳಕಾಲ್ಮೂರಿನ ನಮ್ಮ ಓಣಿಯಲ್ಲಿ ನೇಯುವವರೆಲ್ಲರ ಕಾಲೂ ಸ್ವಲ್ಪ ಹಾಗೆಯೇ. ನನ್ನದೂ ಈಗ ಅದೇ ದಾರಿ ಹಿಡಿದಿದೆ. ಆದರೆ ಓಡಿಬರುವವನ ಕಾಲ ನಡುವಿನಿಂದ, ಅವನ ಮೈಯ ಕೂದಲೂ ಸೋಕದಂತೆ, ಆ ಬೆರಳಿನಿಂದ ಚೆಂಡನ್ನು ಈಚೆಗೆ ಎಳೆದುಕೊಳ್ಳುತ್ತಿದ್ದವರು ಅವರೊಬ್ಬರೇ.

ನಮಗೂ ಅವರಿಗೂ ರಕ್ತಸಂಬಂಧವೇನಿಲ್ಲ. ಬಾಗಿಲಿಗೆ ಬಾಗಿಲು ಎದುರು, ಅದಕ್ಕೇ ಎದುರುಮನೆ ಮಾವ. ಸೀರೆ ಮಾರಲು ರಾಂಪುರದ ಮೇಲೆ ಬಳ್ಳಾರಿಗೆ ಹೋದಾಗಲೆಲ್ಲ ಅಲ್ಲಿನ ದಂಡಿನ ಬಯಲಲ್ಲಿ ಬಿಳಿ ಸಿಪಾಯಿಗಳು ಕಾಲ್ಚೆಂಡು ಆಡುವುದನ್ನು ಬೇಲಿಯಾಚೆ ನಿಂತು ನೋಡುತ್ತಿದ್ದರಂತೆ. ಒಂದು ಸಲ ಅವರು ಬಿಸಾಕಿದ ಹರಕು ಚೆಂಡನ್ನೇ ಸೀರೆಗಂಟಿನಲ್ಲಿ ಸುತ್ತಿಕೊಂಡು ಬಂದು, ತಾವೇ ಹೊಲಿದು, ಓಣಿಯ ಹುಡುಗರನ್ನು ಸಂಜೆ ಬಯಲಿಗೆ ಎಬ್ಬಿಸಿಕೊಂಡು ಹೋದರು. ಎಲ್ಲರದೂ ಬರಿಗಾಲು. ಬೈಯುವುದು ತೆಲುಗಿನಲ್ಲಿ, ಹೊಗಳುವುದು ಕನ್ನಡದಲ್ಲಿ. ನಮಗೆ ತೆಲುಗೇ ಹೆಚ್ಚು ಬಂತು.

ನಾನು ಆಡುತ್ತಿರಲಿಲ್ಲ. ನಾನು ಓಡುವುದನ್ನು ನಾನೇ ಅಣಕಿಸಿ ತೋರಿಸಿದರೆ ನಮ್ಮವ್ವ ಕೂಡ ಹೊಟ್ಟೆ ಹಿಡಿದುಕೊಳ್ಳುತ್ತಾಳೆ, ಅಂಥ ಓಟ. ನನ್ನ ಕಸುಬೆಲ್ಲ ಗಂಟಲಿನದು. ಅಪ್ಪನ ಕೆಮ್ಮು, ಪೂಜಾರಪ್ಪನ ಸೀನು, ಮೂಲೆಮನೆ ದೊಡ್ಡಪ್ಪ ಪಂಚಾಯಿತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುವ ಸದ್ದು, ಎಲ್ಲ ನನ್ನಲ್ಲಿ ಸಿಗುತ್ತಿತ್ತು. ದೊಡ್ಡಪ್ಪ ಓಣಿಗೆ ಹಿರಿಯರು. ಅವರ ಬೆನ್ನಹಿಂದೆ ಅವರ ದನಿಯಲ್ಲೇ ನಾನು ಎಷ್ಟೋ ತೀರ್ಪು ಕೊಟ್ಟಿದ್ದೇನೆ. ಮಾವನನ್ನೂ ಬಿಟ್ಟಿರಲಿಲ್ಲ. ಅವರು ಕಾಲೆಳೆದು ನಡೆಯುವುದನ್ನು ಅವರ ಮುಂದೆಯೇ ಮಾಡಿದರೆ, ಕೂತು ಪೂರ್ತಿ ನೋಡಿ, "ಎಡಗಾಲು ಇನ್ನೊಂದೀಟು ಒಳಗೆ ತಗಾ" ಎಂದು ತಿದ್ದುತ್ತಿದ್ದರು.

ಚಳ್ಳಕೆರೆಯವರದೂ ಒಂದು ತಂಡವಿತ್ತು: ಹತ್ತಿ ಅಂಗಡಿಯ ಹುಡುಗರು, ಗಾಡಿ ಹೊಡೆಯುವವರು, ಗಾಣದ ಮನೆಯ ಅಣ್ಣತಮ್ಮಂದಿರಲ್ಲಿ ಬಾಗಿಲೆತ್ತರದ ತಮ್ಮ. ಬೇಸಿಗೆಯಲ್ಲಿ ಇಬ್ಬರಿಗೂ ನಡುದಾರಿಯಾದ ಬಿ.ಜಿ. ಕೆರೆಯ ಬಯಲಲ್ಲಿ ಕೂಡುತ್ತಿದ್ದೆವು. ಎರಡು ಕಡೆಯೂ ಗೋಲಿಗೆ ಬಿದಿರು ಗಳ, ನೋಡಲು ಮೂವತ್ತು ಗಾಡಿ ಜನ. ನ್ಯಾಯಕ್ಕೆ ರಾಂಪುರದ ಪಿಂಚಣಿ ಹವಾಲ್ದಾರ್ ಸಾಹೇಬರು. ಕೊರಳಲ್ಲಿ ಹಿತ್ತಾಳೆ ಸೀಟಿ. ವಯಸ್ಸಾಗಿತ್ತು, ಸೀಟಿ ಜೋರಾಗಿ ಹೊರಟು, ಕೊನೆಯಲ್ಲಿ ಉಸಿರು ಸಾಲದೆ ಇಳಿಜಾರಿನಲ್ಲಿ ಜಾರಿದಂತೆ ಮುಗಿಯುತ್ತಿತ್ತು.

ಆ ಇಳಿಜಾರು ನನ್ನನ್ನು ಹಾಳುಮಾಡಿತು. ಅದನ್ನು ಕಲಿಯದೆ ನನಗೆ ನಿದ್ದೆ ಬರಲಿಲ್ಲ. ಬಯಲಾಚೆ ಬೇವಿನ ಮರದ ಬುಡಕ್ಕೆ ಹೋಗಿ ಒಬ್ಬನೇ ತಿಂಗಳುಗಟ್ಟಲೆ ಕಲಿತೆ. ನಾಲಿಗೆ ಮಡಿಸಿ ಸೀಟಿಯೊಳಗಿನ ಬೀಜ ಗುರುಗುಟ್ಟುವುದನ್ನೂ ತಂದೆ. ಯಾರಿಗೂ ಕೇಳಿಸಿರಲಿಲ್ಲ. ಒಳ್ಳೆಯ ಸಮಯ ನೋಡಿ ಹೊರಗೆ ಬಿಡೋಣವೆಂದು ಇಟ್ಟುಕೊಂಡಿದ್ದೆ.

ಆ ಆಟದಲ್ಲಿ ಎರಡೂ ಕಡೆ ಒಂದೊಂದು ಗೋಲಾಗಿತ್ತು. ಗಾಣದ ಮನೆಯವನು ಮೂರು ಸಲ ಎತ್ತಿನಂತೆ ನುಗ್ಗಿ ಬಂದು, ಮೂರು ಸಲವೂ ಮಾವನ ಎದೆಗೆ ಬಡಿದು ತಾನೇ ಬಿದ್ದ. ಮೂರು ಸಲವೂ ಮಾವನೇ ಕೈಕೊಟ್ಟು ಎಬ್ಬಿಸಿ, ಅವನ ಬೆನ್ನಿನ ಧೂಳು ಕೊಡವಿ ಕಳಿಸಿದರು. ಹೊತ್ತು ಇಳಿಯುತ್ತಿತ್ತು. ನಮ್ಮ ಮುಂದಾಳು ಚೆಂಡು ತೆಗೆದುಕೊಂಡು ಚಳ್ಳಕೆರೆಯವರ ಗಳದ ಹತ್ತಿರ ಹೋದ. ಗಾಡಿಯ ಹಿಂದೆ ಒಬ್ಬನೇ ನಿಂತಿದ್ದ ನನಗೆ ಏನು ಬಡಿಯಿತೋ, ಸಾಹೇಬರ ಸೀಟಿಯನ್ನು ಬಾಯಲ್ಲೇ ಊದಿದೆ.

ಚಳ್ಳಕೆರೆಯವರೆಲ್ಲ ನಿಂತರು. ಗೋಲು ಕಾಯುವವನು ಸೊಂಟಕ್ಕೆ ಕೈಕೊಟ್ಟು ಸಾಹೇಬರ ಕಡೆ ತಿರುಗಿದ. ನಮ್ಮ ಮುಂದಾಳಿಗೆ ಕಾಲು ಓಡುವಾಗ ಕಿವಿ ಇರುವುದಿಲ್ಲ. ಅವನು ಹೋಗಿ ಚೆಂಡು ಒಳಗೆ ಹಾಕಿಬಿಟ್ಟ. ಗದ್ದಲ ಎದ್ದಿತು. ಸೀಟಿ ಆಯಿತೆಂದು ಅವರು, ಯಾವ ಸೀಟಿಯೂ ಇಲ್ಲವೆಂದು ನಮ್ಮವರು. ಕೇಳಿಸಿದವರಿಗೂ ಕೇಳಿಸಿರಲಿಲ್ಲ. ಸಾಹೇಬರು ಕೊರಳಿನ ಸೀಟಿಯನ್ನು ಕೈಗೆ ತೆಗೆದುಕೊಂಡು, ಅದು ತಮ್ಮನ್ನು ಕೇಳದೆ ಕೂಗಿತೇನೋ ಎಂಬಂತೆ ತಿರುಗಿಸಿ ನೋಡಿದರು. ಕೊನೆಗೆ ತಾವು ಊದಿಲ್ಲ, ಗೋಲು ಗೋಲೇ ಎಂದರು.

ಆಗ ಮಾವ ಹಿಂದಿನ ಸಾಲಿನಿಂದ ಕಾಲೆಳೆಯುತ್ತ ನಡೆದು ಬಂದರು. ಬಯಲು ಅಷ್ಟು ಉದ್ದವಿದೆಯೆಂದು ನನಗೆ ಆವತ್ತೇ ತಿಳಿದದ್ದು.

"ಸಾಹೇಬ್ರೇ, ಸೀಟಿ ಆತು. ನೀವು ಊದ್ಲಿಲ್ಲ, ಖರೆ. ನಮ್ಮ ಕಡೆಯಿಂದ ಬಂತು. ಈ ಗೋಲು ನಮಗೆ ಬ್ಯಾಡ್ರಿ."

ಊದಿದ್ದು ಯಾರೆಂದು ಸಾಹೇಬರು ಕೇಳಿದರು. ಮಾವ ಗಾಡಿಗಳ ಕಡೆ ತಿರುಗಲೇ ಇಲ್ಲ.

"ಕಿವಿಗೆ ಕೇಳ್ತು. ಕಣ್ಣಿಗೆ ಕಾಣ್ಲಿಲ್ಲ."

ಗೋಲು ಹೋಯಿತು. ಆಮೇಲೆ ಗಾಣದವನೇ ಒಂದು ಹಾಕಿದ, ನಾವು ಸೋತೆವು.

ಸೋತದ್ದನ್ನು ಓಣಿ ಮರೆಯುತ್ತಿತ್ತೇನೋ. ಮೂಲೆಮನೆ ದೊಡ್ಡಪ್ಪ ಮರೆಯಗೊಡಲಿಲ್ಲ. ಇಲ್ಲದ ಸೀಟಿಯನ್ನು ಮಾವನೊಬ್ಬನೇ ಕೇಳಿಸಿಕೊಂಡನೆಂದೂ, ಚಳ್ಳಕೆರೆಯ ವ್ಯಾಪಾರಸ್ಥರು ಅವನ ಸೀರೆ ಕೊಳ್ಳುವವರಾದ್ದರಿಂದ ಅವನ ಕಿವಿ ಅವರ ಕಡೆ ಇದೆಯೆಂದೂ ಕಟ್ಟೆಯ ಮೇಲೆ ಹೇಳಿದರು. ಮಾವನನ್ನು ತಂಡದಿಂದ ಬಿಟ್ಟರು. ಅದು ದೊಡ್ಡದಲ್ಲ. ಅವರ ಮನೆಯ ಹಾಸು ಚಾಚಲು ಹೋಗುವುದನ್ನೂ ಓಣಿಯವರು ಬಿಟ್ಟರು.

ನೇಯುವವರಲ್ಲದವರಿಗೆ ಇದು ತಿಳಿಯಬೇಕು. ಮಗ್ಗಕ್ಕೆ ಏರಿಸುವ ಮೊದಲು ಸೀರೆಯ ರೇಷ್ಮೆ ಎಳೆಗಳನ್ನೆಲ್ಲ ಓಣಿಯ ಉದ್ದಕ್ಕೂ ಚಾಚಿ, ಗಂಜಿ ಸವರಿ, ಹರಿದ ಎಳೆ ಕೂಡಿಸಬೇಕು. ಬಿಸಿಲು ಏರುವುದರೊಳಗೆ ಮುಗಿಯಬೇಕು. ಎಂಟು ಹತ್ತು ಕೈ ಬೇಕು. ಯಾರ ಮನೆಯ ಹಾಸಾದರೂ ಎಲ್ಲರೂ ಬರುತ್ತಾರೆ. ಕರೆಯುವ ಪದ್ಧತಿಯೇ ಇಲ್ಲ. ಮಾವನ ಹಾಸಿನ ದಿನ ಮುಂಜಾನೆ ಓಣಿಯ ಬಾಗಿಲುಗಳು ಹಾಕಿಯೇ ಇದ್ದವು. ಒಂದು ತುದಿಗೆ ಮಾವ, ಇನ್ನೊಂದು ತುದಿಗೆ ಅತ್ತೆ, ನಡುವೆ ಜೋಲುಬಿದ್ದ ರೇಷ್ಮೆ. ನಾನು ಹೋಗಿ ಕೈಹಾಕಿದೆ. ಅಪ್ಪ ಒಳಗಿನಿಂದಲೇ ಕೆಮ್ಮಿದರು. ಮೂರೇ ಜನ ಚಾಚಿದ ಹಾಸು ಅರ್ಧ ಒಣಗಿ ಅರ್ಧ ಗಂಟಾಯಿತು. ಆಮೇಲಿನ ಪ್ರತಿ ಹಾಸೂ ಹಾಗೆಯೇ. ಎರಡು ವರ್ಷ.

ನಾಲ್ಕನೆಯದೋ ಐದನೆಯದೋ ಹಾಸಿನ ದಿನ ಮಾವ ಎಳೆ ಕೂಡಿಸುತ್ತ, ತಲೆ ಎತ್ತದೆ ಹೇಳಿದರು: "ಸಾಹೇಬ್ರ ಸೀಟಿಗಿಂತ ನಿಂದೇ ಚೆನ್ನಾಗಿತ್ತು ಕಣಲೇ."

ಗಂಜಿ ಸವರುತ್ತಿದ್ದ ಕುಂಚ ನನ್ನ ಕೈಯಿಂದ ಬಿತ್ತು. ಹೇಗೆ ಗೊತ್ತಾಯಿತೆಂದು ಕೇಳಿದೆ.

"ಗೋಲಾದಾಗ ನಮ್ಮೋರೆಲ್ಲಾ ಕುಣೀತಿದ್ರು. ನೀನೊಬ್ನೇ ಸುಮ್ನಿದ್ದೆ. ನೀನು ಹುಟ್ಟಿದಾಗ್ಲಿಂದ ನೀನು ಸುಮ್ನಿರೋದು ನಾನು ಅವತ್ತೇ ನೋಡಿದ್ದು."

ಹಾಗಾದರೆ ಓಣಿಗೆ ಯಾಕೆ ಹೇಳಲಿಲ್ಲವೆಂದೆ.

"ನಾನ್ ಹೇಳಿದ್ರೆ ಚಾಡಿ ಆಗ್ತೈತೆ. ಹೇಳೋದು ನಿಂದು. ಹಿಡ್ಕಾ, ಎಳೆ ಜೋಲ್ತೈತೆ."

ಹೇಳಬೇಕೆಂದೇ ಇದ್ದೆ. ಮನೆಯಲ್ಲಿ ಅಭ್ಯಾಸ ಕೂಡ ಮಾಡಿದೆ. ದೊಡ್ಡಪ್ಪನ ದನಿಯಲ್ಲಿ ಚೆನ್ನಾಗಿ ಬಂತು. ಸಾಹೇಬರ ದನಿಯಲ್ಲಿ ಇನ್ನೂ ಚೆನ್ನಾಗಿ, ಕೊನೆಯಲ್ಲಿ ಕಣ್ಣೀರು ಬರುವಷ್ಟು. ನನ್ನ ದನಿಯಲ್ಲಿ ಮಾತ್ರ ಮೊದಲ ಮಾತೇ ಹೊರಡಲಿಲ್ಲ. ನಾಳೆ ಎಂದೆ. ಮುಂದಿನ ಹಾಸಿಗೆ ಮೊದಲು ಎಂದೆ. ಮಾವ ಮತ್ತೆ ಆ ಮಾತು ಎತ್ತಲಿಲ್ಲ.

ಈ ನಡುವೆ ಚಳ್ಳಕೆರೆ ಸಂತೆಗೆ ಹೋದಾಗಲೆಲ್ಲ ಹತ್ತಿ ಅಂಗಡಿಯ ಜಗಲಿಯ ಮೇಲೆ ಒಂದೇ ವಾದ: ನೋಡಿದವರಲ್ಲಿ ಎಲ್ಲರಿಗಿಂತ ಗಟ್ಟಿಗ ಯಾರು, ಗಟ್ಟಿಗನಾದರೂ ಮೋಸ ಮಾಡದವನು ಯಾರು. ಬಳ್ಳಾರಿಯ ಕೆಂಪುಗೂದಲ ಸಿಪಾಯಿಯೆಂದು ಒಬ್ಬ. ಗಾಣದ ಮನೆಯ ತಮ್ಮನೆಂದು ಇನ್ನೊಬ್ಬ. ಆ ತಮ್ಮ ಮಾತ್ರ ಎದ್ದು, "ಸುಮ್ಕಿರ್ರಪ್ಪಾ, ನಾನು ಬಡಿದ ಎದೆ ನನಗೆ ಗೊತ್ತೈತೆ" ಎಂದು ಮಾವನ ಮಾತು ಎತ್ತುವನು. ನಮ್ಮೂರಿನವರು ಎಲೆಯಡಿಕೆ ಉಗಿದು ಇಲ್ಲದ ಸೀಟಿಯ ಕಥೆ ತೆಗೆಯುವರು. ಪ್ರತಿ ಸಂತೆ, ಅದೇ ಜಗಲಿ, ಅದೇ ಕ್ರಮ. ನನಗೆ ಅವರೆಲ್ಲರ ಮಾತೂ ಬಾಯಿಪಾಠ. ಒಬ್ಬೊಬ್ಬರದನ್ನೂ ಅಣಕಿಸಿ ತೋರಿಸು ಎಂದರೆ ಈಗ ದವಡೆ ನೋಯುತ್ತದೆ. ಎದುರಾಳಿಗಳ ಊರಿನಲ್ಲಿ ಮಾವನಿಗೆ ಇದ್ದ ಹೆಸರು ಅವರ ಬಾಗಿಲ ಮುಂದೆ ಇರಲಿಲ್ಲ. ಎರಡರ ನಡುವೆ ನಾನು ಗಾಡಿಯಲ್ಲಿ ಹೋಗಿ ಬರುತ್ತಿದ್ದೆ, ಬಾಯಿ ಮುಚ್ಚಿಕೊಂಡು.

ಹೋದ ಚಳಿಗಾಲದಲ್ಲಿ ಮೂರೇ ದಿನದ ಜ್ವರ. ಮಾವ ಹೋದರು. ಹೊರಲು ಓಣಿಯವರು ಬಂದರು. ಸಾವಿಗೆ ಬಾರದಷ್ಟು ಕೆಟ್ಟವರಲ್ಲ. ಚಾಪೆಯಿಂದ ಆಚೆ ಬಂದಿದ್ದ ಆ ಹೆಬ್ಬೆರಳನ್ನು ಉಳಿದ ಬೆರಳುಗಳಿಗೆ ಸೇರಿಸಿ ಕಟ್ಟಲು ನೋಡಿದರು, ಸೇರಲಿಲ್ಲ.

ತಿಂಗಳಾದ ಮೇಲೆ ಅತ್ತೆ, ಮಾವ ಸುತ್ತಿಟ್ಟಿದ್ದ ಕೊನೆಯ ಹಾಸನ್ನು ಮುಂಜಾನೆ ಓಣಿಗೆ ತಂದರು. ಒಂದು ತುದಿಗೆ ಅವರು, ಒಂದು ತುದಿಗೆ ನಾನು. ಬಾಗಿಲುಗಳು ಹಾಕಿಯೇ ಇದ್ದವು. ಬಿಸಿಲು ಚಾವಣಿಯಿಂದ ಇಳಿಯತೊಡಗಿತ್ತು. ಅತ್ತೆ ಎಳೆ ಜೋಲದಂತೆ ಹಿಂದೆ ಹಿಂದೆ ಹೆಜ್ಜೆ ಇಟ್ಟರು, ಗೋಡೆಗೆ ಬೆನ್ನು ತಾಗಿತು.

ನಾನು ನಾಲಿಗೆ ಮಡಿಸಿ ಊದಿದೆ. ಹವಾಲ್ದಾರ್ ಸಾಹೇಬರ ಸೀಟಿ, ಬೀಜದ ಗುರುಗುಟ್ಟು, ಕೊನೆಯ ಇಳಿಜಾರು, ಎಲ್ಲ. ಒಂದು ಸಲ ಸಾಲದೇನೋ ಎಂದು ಇನ್ನೊಂದು ಸಲ.

ಮೊದಲು ತೆರೆದದ್ದು ಮೂಲೆಮನೆಯ ಬಾಗಿಲು. ದೊಡ್ಡಪ್ಪ ಹೊಸ್ತಿಲ ಮೇಲೆ ನಿಂತು ನನ್ನ ಬಾಯಿಯನ್ನೇ ನೋಡಿದರು. ಆಮೇಲೆ ಒಂದೊಂದಾಗಿ ಉಳಿದವು. ಆವತ್ತಿನ ಸೀಟಿ ಯಾರದೆಂದು ಕೇಳುವುದೇನೂ ಉಳಿದಿರಲಿಲ್ಲ. ದೊಡ್ಡಪ್ಪ ಹೆಗಲಿನ ವಸ್ತ್ರ ತೆಗೆದು ಸೊಂಟಕ್ಕೆ ಕಟ್ಟಿ, ಅತ್ತೆಯ ಕೈಯಿಂದ ತುದಿ ತೆಗೆದುಕೊಂಡು, "ನೀನು ಕೂತ್ಕಾ ತಾಯಿ" ಎಂದರು. ಹನ್ನೊಂದು ಕೈಗಳು ಬಂದವು. ಬಿಸಿಲು ಏರುವುದರೊಳಗೆ ಹಾಸು ಮುಗಿಯಿತು, ಒಂದು ಗಂಟೂ ಇಲ್ಲದೆ. ನನಗೆ ಯಾರೂ ಕುಂಚ ಕೊಡಲಿಲ್ಲ.

ಈಗ ನನ್ನ ಹಾಸು ಚಾಚುವ ದಿನ ಓಣಿಯ ಬಾಗಿಲುಗಳು ತೆರೆಯುವುದಿಲ್ಲ. ಅಪ್ಪನ ಕೆಮ್ಮು ಒಳಗೇ ಇರುತ್ತದೆ. ಎದುರುಮನೆ ಅತ್ತೆ ಮಾತ್ರ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಇನ್ನೊಂದು ತುದಿ ಹಿಡಿಯುತ್ತಾರೆ.