ಲೋಲಾಕ್ಷಿಯ ಮೂಗು

ಕುಂಬಳೆ ರೈಲು ನಿಲ್ದಾಣದಿಂದ ಪೇಟೆಗೆ ಬರುವ ದಾರಿಯಲ್ಲಿರುವ ಊಟದ ಹೋಟೆಲನ್ನು ಈಗಿನ ಮಾಲೀಕ ಪ್ರೇಮನಾಥರ ಅಜ್ಜ ಶುರುಮಾಡಿದ್ದು. ಕಲ್ಲಿನ ಮೇಜು, ಕೂತು ಕೂತು ನುಣುಪಾದ ಬೆಂಚು, ಅಂಚು ಮಾಸಿದ ನಿಲುವುಗನ್ನಡಿ ಎಲ್ಲ ಆ ಕಾಲದವೇ. ಬಂಗುಡೆ ಮೀನಿನ ಪುಳಿಮುಂಚಿ, ಬಸಳೆ ಪದಾರ್ಥ, ಕೋರಿ ರೊಟ್ಟಿ ಅಂದಿನ ರುಚಿಯಲ್ಲೇ ಸಿಗುತ್ತವೆಂದು ಬಂದ್ಯೋಡಿನಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು.

ಆ ರುಚಿ ಇದ್ದದ್ದು ಲೋಲಾಕ್ಷಿಯ ಕೈಯಲ್ಲಿ. ಗಂಡ ತೀರಿಕೊಂಡ ವರ್ಷ ಪಾತ್ರೆ ತೊಳೆಯಲು ಸೇರಿದವಳು, ಮಸಾಲೆ ಅರೆಯುತ್ತಾ ಅರೆಯುತ್ತಾ ಒಲೆಯ ಮುಂದೆ ಬಂದು ನಿಂತಿದ್ದಳು. ನಾಲಿಗೆಗೆ ಹಾಕಿ ನೋಡುವ ಅಭ್ಯಾಸವೇ ಅವಳಿಗಿರಲಿಲ್ಲ. ಸೌಟು ಎತ್ತಿ ಆವಿಯನ್ನು ಮೂಗಿನ ಹತ್ತಿರ ತಂದರೆ ಸಾಕು, ಪದಾರ್ಥಕ್ಕೆ ಇನ್ನೆಂತ ಬೇಕೆಂದು ಗೊತ್ತಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ಅವಳಿಗೊಂದು ಜ್ವರ ಬಂತು. ಜ್ವರ ಬಿಟ್ಟ ಮೇಲೆ ಕೆಲಸಕ್ಕೆ ಬಂದು ಕೊತ್ತಂಬರಿ ಹುರಿಯಲು ಕೂತಳು. ಕಾಳು ಕೆಂಪಾಯಿತು, ಹೊಗೆ ಎದ್ದಿತು. ಪರಿಮಳ ಮಾತ್ರ ಬರಲಿಲ್ಲ. ಬಾಣಲೆಗೆ ಮುಖ ಬಗ್ಗಿಸಿದಳು. ಕಣ್ಣು ಉರಿಯಿತೇ ಹೊರತು ಬೇರೇನೂ ಇಲ್ಲ.

ನಾಳೆ ಸರಿಯಾದೀತು ಎಂದುಕೊಂಡಳು. ಸರಿಯಾಗಲಿಲ್ಲ. ಯಾರಿಗೂ ಹೇಳಲಿಲ್ಲ. ಬಣ್ಣ ನೋಡಿ, ಎಣ್ಣೆ ಚಿಟಪಟಗುಟ್ಟುವುದನ್ನು ಕೇಳಿ, ಹಳೆಯ ಅಳತೆಯಲ್ಲೇ ಅಡುಗೆ ಮುಗಿಸತೊಡಗಿದಳು. ಉಂಡವರು ಎಂದಿನಂತೆ ಹೊಗಳಿದರು. ಆ ಹೊಗಳಿಕೆ ಕೇಳಿದಾಗಲೆಲ್ಲ ಅವಳು ಒಲೆಯ ಕಡೆ ತಿರುಗಿಬಿಡುತ್ತಿದ್ದಳು.

ಒಂದು ದಿನ ಬಡಿಸುವ ಸುಧೀರ್ ಮೀನಿನ ಬುಟ್ಟಿಯ ಹತ್ತಿರ ನಿಂತುಬಿಟ್ಟ. "ಲೋಲಾಕ್ಷಿಯಕ್ಕ, ಇದು ನಾರ್ತಾ ಉಂಟಲ್ಲ. ನಿಮಗೆ ಗೊತ್ತಾಗ್ಲಿಲ್ವಾ?"

"ನಿನ್ನ ಮೂಗಿಗೆ ಎಂತ ಆಗಿದೆ ಮಾರಾಯ?" ಎಂದಳು ಅವಳು. ಆದರೂ ಅವನು ಆಚೆ ಹೋದದ್ದೇ ತಡ, ಬುಟ್ಟಿಯಲ್ಲಿ ಉಳಿದದ್ದನ್ನೂ ಕತ್ತರಿಸಿ ಮಸಾಲೆ ಹಚ್ಚಿದ್ದ ಮೀನನ್ನೂ ತೆಂಗಿನ ಬುಡದಲ್ಲಿ ಹೂತಳು.

ಭಾನುವಾರ ಹೋಟೆಲಿಗೆ ರಜೆ. ಸೋಮವಾರ ಬೆಳಿಗ್ಗೆ ಎಂದಿನಂತೆ ಅವಳೇ ಮೊದಲು ಬಂದಳು. ಒಲೆಯ ಪಕ್ಕದ ಬೆಚ್ಚನೆ ಜಾಗ ಬಿಡದ ಬೆಕ್ಕು ಅಂದು ಬಾವಿಕಟ್ಟೆಯ ಮೇಲೆ ಮುದುಡಿ ಕೂತಿತ್ತು. ಬಾಗಿಲು ತೆರೆದು ಕರೆದರೂ ಒಳಗೆ ಬರಲಿಲ್ಲ. ಮಳೆಗೆಂದು ಕಿಟಕಿಗಳನ್ನು ಶನಿವಾರವೇ ಭದ್ರವಾಗಿ ಮುಚ್ಚಲಾಗಿತ್ತು. ಗಾಜಿನ ಹಂಚಿನಿಂದ ಇಳಿಯುತ್ತಿದ್ದ ಬೆಳಕೇ ಸಾಕೆಂದು ದೀಪ ಹಾಕಲಿಲ್ಲ. ಒಲೆಗೆ ತೆಂಗಿನ ಗರಿ ತುರುಕಿದಳು. ತಲೆ ಯಾಕೋ ಭಾರವಾಗಿತ್ತು. ಚಹಾ ಮಾಡುವ ಮೂಲೆಯಿಂದ ಬುಸ್ಸೆಂದು ಸಣ್ಣ ಸದ್ದು ಬರುತ್ತಿದ್ದಂತಿತ್ತು; ಹಂಚಿನ ಮೇಲಿನ ಮಳೆಯಿರಬೇಕು ಎಂದುಕೊಂಡು ಬೆಂಕಿಪೊಟ್ಟಣ ತೆಗೆದಳು.

"ಅಕ್ಕ, ಕಡ್ಡಿ ಗೀರಬೇಡಿ!"

ಹಾಲಿನ ಕ್ಯಾನನ್ನು ಬಾಗಿಲಲ್ಲೇ ಬಿಟ್ಟು ಸುಧೀರ್ ಓಡಿ ಬಂದ. ಅವಳ ಕೈಯಿಂದ ಪೊಟ್ಟಣ ಕಿತ್ತುಕೊಂಡು, ರಟ್ಟೆ ಹಿಡಿದು ಹೊರಗೆ ಎಳೆದ. ಮತ್ತೆ ಮುಖಕ್ಕೆ ಬಟ್ಟೆ ಒತ್ತಿಕೊಂಡು ಒಳಗೆ ಹೋಗಿ ಸಿಲಿಂಡರ್ ಮುಚ್ಚಿ, ಕಿಟಕಿಗಳನ್ನು ತೆರೆದು ಬಂದ. ಚಹಾದ ಒಲೆಗೆ ಶನಿವಾರ ಬದಲಿಸಿದ್ದ ಸಿಲಿಂಡರಿನಿಂದ ಅಷ್ಟು ಹೊತ್ತೂ ಗ್ಯಾಸು ಸೋರಿತ್ತು.

"ಇಡೀ ಅಂಗಳಕ್ಕೆ ವಾಸನೆ ಬರ್ತಾ ಉಂಟು," ಎಂದ, ಏದುಸಿರು ಬಿಡುತ್ತಾ. "ನಿಮಗೆ..." ಎಂದವನು ಅವಳ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದ.

ಪ್ರೇಮನಾಥರು ಬಂದಾಗ ಅವಳೇ ಎಲ್ಲವನ್ನೂ ಹೇಳಿದಳು.

"ಮೊದಲೇ ಎಂತಕ್ಕೆ ಹೇಳ್ಲಿಲ್ಲ ಅಕ್ಕ?"

"ಹೇಳಿದ್ರೆ ಒಲೆ ಹತ್ರ ಬಿಡ್ತಿದ್ರಾ ಪ್ರೇಮಣ್ಣ?"

ಆ ವಾರವೇ ಒಲೆಗೆ ಬೇರೆ ಹೆಂಗಸು ಬಂದಳು. ಲೋಲಾಕ್ಷಿಯನ್ನು ಬಿಡಿಸಲಿಲ್ಲ, ಈಗ ಅವಳು ಹೊರಗೆ ಬಡಿಸುತ್ತಾಳೆ. ಬಡಿಸಿದ ಮೇಲೂ ಅಲ್ಲಿಂದ ಕದಲುವುದಿಲ್ಲ. ಉಣ್ಣುವವರು ಮೊದಲ ತುತ್ತು ಬಾಯಿಗಿಡುವುದನ್ನೇ ನೋಡುತ್ತಾಳೆ. ಯಾರಾದರೂ ಚೂರು ಹುಬ್ಬು ಗಂಟಿಕ್ಕಿದರೆ ಸಾಕು, ಬಗ್ಗಿ, "ಎಂತ, ವಾಸನೆ ಬರ್ತಾ ಉಂಟಾ?" ಎಂದು ಕೇಳುತ್ತಾಳೆ.