ಕುದುರೆಗೆ ತಂದ ಕ್ಯಾರೆಟ್

ಬಿಲ್ ಕೌಂಟರಿನ ಗುಮಾಸ್ತ ಮದುವೆಯ ಮಾತಿಗೆಂದು ಮೊದಲ ಸಲ ಹುಡುಗಿಯ ತಾಯಿಯನ್ನು ನೋಡಲು ಹೊರಟಾಗ ಒಂದು ಚೀಲ ಕ್ಯಾರೆಟ್ ಕೊಂಡುಹೋದ. ಕುದುರೆಗೆಂದು.

ತಪ್ಪು ಪೂರ್ತಿ ಅವನದಲ್ಲ. ಪಕ್ಕದ ಕೌಂಟರಿನಲ್ಲಿ ಕೂರುವ ಆ ಹುಡುಗಿ ಪ್ರಿಂಟರಿನ ಗದ್ದಲದ ನಡುವೆ ಹೇಳಿದ್ದಿಷ್ಟು: "ನಮ್ಮಮ್ಮಂಗೆ ಕುದುರೆ, ತೋಟಾ, ಅಷ್ಟೇ ಪ್ರಪಂಚ. ಅವ್ರು ಹೂಂ ಅಂದ್ರೆ ನಂದೂ ಹೂಂ."

ಕಚೇರಿಯಲ್ಲಿ 'ತೂಕಡಿಕೆ' ಎಂದೇ ಹೆಸರಾದ ನಮ್ಮ ಗುಮಾಸ್ತನಿಗೆ ಅಷ್ಟು ಸಾಕಾಯಿತು. ವಾರವಿಡೀ ರಸೀದಿಗಳಿಗೆ ಮೊಹರು ಒತ್ತುತ್ತಲೇ ಅವನು ಹಣ್ಣಿನ ಮರಗಳ ನಡುವೆ ಬಿಳಿ ಕುದುರೆಯೇರಿ ತಿರುಗಿದ. ಆಗಾಗ ಮೊಹರು ಅವನ ಹೆಬ್ಬೆರಳಿಗೇ ಬಿತ್ತು.

ಕೊನೆಗೆ ಅವಳು ಕೊಟ್ಟ ವಿಳಾಸದಲ್ಲಿ ಸಿಕ್ಕಿದ್ದು ಬೀದಿಯ ತಿರುವಿನ ಒಂದು ಕೋವಿ ರಿಪೇರಿ ಅಂಗಡಿ. ಗುಂಡು ಹಾರಿಸಲು ಬೆರಳಲ್ಲಿ ಎಳೆಯುವುದೇ ಕುದುರೆ, ಮದ್ದು ತುಂಬಿದ ಹಿತ್ತಾಳೆಯ ಕೊಳವೆಯೇ ತೋಟಾ ಎಂಬುದು ಅವನಿಗೆ ಹೊಸಿಲಲ್ಲಿ ನಿಂತಾಗ ಹೊಳೆಯಿತು.

"ಏನಪ್ಪಾ ಚೀಲದಲ್ಲಿ?"

"ಕ್ಯಾರೆಟ್ಟು."

"ಯಾರಿಗೆ?"

ಅವನು ಹೇಳಿಬಿಟ್ಟ. ಹುಡುಗಿಯ ತಾಯಿ ನಗಲಿಲ್ಲ. ಒಂದನ್ನು ತೆಗೆದು ಸೆರಗಿಗೆ ಒರೆಸಿ ಕಚ್ಚಿದರು. "ಕುದುರೆ ತಿಂತು ಅಂದ್ಕೋ. ಕೂತ್ಕೋ."

ಅದು ಅವರ ಅಪ್ಪನ ಅಂಗಡಿ. ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆಂದು ಅಪ್ಪ ಒಳಗೆ ಬಿಡದಿದ್ದಾಗ, ಬಾಗಿಲಾಚೆ ಕೂತು ಬರೀ ಸದ್ದು ಕೇಳಿಯೇ ಅರ್ಧ ಕಸುಬು ಕಲಿತಿದ್ದರು. ಬಸ್ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ಆ ಕಸುಬೇ ಮಗಳನ್ನು ಓದಿಸಿತು. ಈಗಲೂ ನಾಜೂಕಿನ ಕೆಲಸ ಬಂದರೆ ಕನ್ನಡಕವನ್ನು ಹಣೆಗೇರಿಸಿ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆ ಮಧ್ಯಾಹ್ನ ಮೇಜಿನ ಮೇಲೆ ಗುರಿ ಹೊಡೆಯುವುದನ್ನು ಕಲಿಸುವ ಮೇಷ್ಟ್ರ ಪುಟ್ಟ ರಿವಾಲ್ವರ್ ಇತ್ತು. ಹೊಡೆದಾದ ಮೇಲೆ ಖಾಲಿ ತೋಟಾಗಳು ಗೂಡು ಬಿಟ್ಟು ಬರುವುದಿಲ್ಲ. ತಳ್ಳುವ ಕಡ್ಡಿಯನ್ನು ಒತ್ತಿ ಒತ್ತಿ ಮೇಷ್ಟ್ರ ಹೆಬ್ಬೆರಳು ಊದಿಹೋಗಿತ್ತು.

ತೂಕಡಿಕೆಯ ಬೆರಳು ತಾನಾಗಿ ಕುದುರೆಯ ಕಡೆ ಹೋಯಿತು. ಬ್ರಷ್ಷಿನಿಂದ ಪಟ್ ಎಂದು ಏಟು ಬಿತ್ತು.

"ಖಾಲಿ ಇದೆಯಲ್ಲ, ಅತ್ತೆ..."

"ಇದನ್ನ ಖಾಲಿ ಇದ್ರೂ ಎಳೀಬಾರ್ದು. ಅದಿರ್ಲಿ, ಅತ್ತೆ ಅನ್ನೋಕೆ ಏನು ಅಷ್ಟು ಅರ್ಜೆಂಟು?"

ಅವರು ತೋಟಾ ಕೂರುವ ದುಂಡನೆಯ ಸಿಲಿಂಡರನ್ನು ಪಕ್ಕಕ್ಕೆ ತೆರೆದು ಅದರ ಗೂಡುಗಳನ್ನು ಒಂದೊಂದಾಗಿ ಉಜ್ಜಿದರು. ಬಟ್ಟೆಗೆ ಮಸಿ ಹತ್ತಿತು. ಆಮೇಲೆ ಹೊಡೆದ ತೋಟಾಗಳನ್ನು ಮತ್ತೆ ಕೂರಿಸಿ, ಕಣ್ಣು ಮುಚ್ಚಿ, ತೆಳು ಕಡ್ಡಿಯಿಂದ ಒಂದೊಂದನ್ನೇ ತಳ್ಳಿದರು. ಎಲ್ಲ ಜಾರಿ ಬಂದವು, ಒಂದು ಮಾತ್ರ ಜಪ್ಪಯ್ಯ ಎಂದರೂ ಕದಲಲಿಲ್ಲ.

"ಇದು ಮಸಿ ಅಲ್ಲ. ಮೇಷ್ಟ್ರು ಟೀವಿ ನೋಡ್ತಾ ಕುದುರೆ ಎಳೀತಾ ಕೂತಿರ್ತಾರೆ. ಒಳಗಿನ ಮುಳ್ಳು ತೋಟಾದ ಅಂಚಿಗೆ ಹೊಡೀಬೇಕು. ತೋಟಾ ಇಲ್ದಾಗ ಗೂಡಿನ ಅಂಚನ್ನೇ ಕುಟ್ಟುತ್ತೆ. ಎಲ್ಲಾ ಗೂಡಲ್ಲೂ ಗುರುತಿದೆ, ಇದರಲ್ಲಿ ಒಳಕ್ಕೆ ಉಬ್ಬಿದೆ."

"ಅರದಲ್ಲಿ ಉಜ್ಜಿಬಿಟ್ರೆ?"

"ಉಜ್ಜಿದ್ದು ವಾಪಸ್ ಬರುತ್ತಾ? ಜರುಗಿರೋದನ್ನ ಅದರ ಜಾಗಕ್ಕೇ ಜರುಗಿಸ್ಬೇಕು."

ನುಣುಪಾದ ಉಕ್ಕಿನ ಕಡ್ಡಿಯೊಂದನ್ನು ಗೂಡಿಗಿಟ್ಟು, ಮಗುವಿನ ಕಿವಿ ಒರೆಸುವಷ್ಟು ಮೆಲ್ಲಗೆ ತಿರುಗಿಸತೊಡಗಿದರು. ಕಿಟಕಿಯ ಬಿಸಿಲಲ್ಲಿ ಧೂಳು ತೇಲುತ್ತಿತ್ತು. ಎಣ್ಣೆಯ ವಾಸನೆ, ಉಕ್ಕಿನ ಸಣ್ಣ ಕಿರುಗುಟ್ಟುವಿಕೆ. ತೂಕಡಿಕೆಯ ಅರೆಮುಚ್ಚಿದ ಕಣ್ಣಲ್ಲಿ ಸಿಲಿಂಡರು ದೊಡ್ಡದಾಗುತ್ತಾ ಆಗುತ್ತಾ ಒಂದು ದುಂಡನೆಯ ಮನೆಯಾಯಿತು. ಸುತ್ತ ಬಾಡಿಗೆ ಕೋಣೆಗಳು. ಬಾಡಿಗೆಯವರೆಲ್ಲ ಕರೆದಾಗ ವಿನಯದಿಂದ ಹೊರಬಂದು ನೆರಳಿಲ್ಲದ ಅಂಗಳದಲ್ಲಿ ತೇಲಿಹೋದರು. ಒಬ್ಬ ಮಾತ್ರ ಬಾಗಿಲ ಚೌಕಟ್ಟು ಹಿಡಿದು ಕೂತಿದ್ದ. ಯಾರೆಂದು ಬಗ್ಗಿ ನೋಡಿದರೆ ತೂಕಡಿಕೆಯದೇ ಅಂಗಿ, ಕೈಯಲ್ಲಿ ಕ್ಯಾರೆಟ್ ಚೀಲ.

ಹಿಂದಿನ ಕೋಣೆಯಲ್ಲಿ ಢಂ ಎಂದಿತು, ಅವನು ಎಚ್ಚೆತ್ತು ನೆಟ್ಟಗೆ ಕೂತ. ಅವರು ಮರಳು ತುಂಬಿದ ಡ್ರಮ್ಮಿಗೆ ಗುಂಡುಗಳನ್ನೆಲ್ಲ ಹೊಡೆದು ಮುಗಿಸಿ, ಸಿಲಿಂಡರು ತೆರೆದೇ ಹಿಡಿದುಕೊಂಡು ಬಂದು ಮುಂದೆ ಚಾಚಿದರು.

"ಒತ್ತು. ಮೆತ್ತಗೆ."

ತನ್ನ ಮದುವೆಯೇ ಆ ಕಡ್ಡಿಯ ತುದಿಯಲ್ಲಿ ನಿಂತಿದೆ ಎನಿಸಿತು ಅವನಿಗೆ. ಮೊಹರಿನ ಮಸಿ ಹತ್ತಿದ ಹೆಬ್ಬೆರಳನ್ನು ಇಟ್ಟನಷ್ಟೆ. ಖಾಲಿ ತೋಟಾಗಳೆಲ್ಲ ಒಟ್ಟಿಗೆ ಜಾರಿ ಅವರ ಅಂಗೈಗೆ ಬಿದ್ದವು.

"ಸದ್ಯ, ಮೇಷ್ಟ್ರ ಬೆರಳು ಉಳೀತು," ಎಂದು ಅವರು ಉಸಿರುಬಿಟ್ಟರು.

ಇದೇ ಸಮಯವೆಂದು ಅವನು ಕೇಳಿಯೇಬಿಟ್ಟ: "ಅಮ್ಮಾ, ಹಾಗಾದ್ರೆ... ನಾನು ನಿಮಗೆ ಇಷ್ಟ ಆದ್ನಾ?"

"ಇಲ್ಲ," ಎಂದರು ಅವರು, ಇನ್ನೊಂದು ಕ್ಯಾರೆಟ್ ಮುರಿಯುತ್ತ. "ಆದ್ರೆ ಇಲ್ದಿರೋ ಕುದುರೆಗೇ ತಿನ್ನೋಕೆ ತಂದೋನು, ಇರೋ ಹುಡುಗೀನ ಉಪವಾಸ ಕೆಡವಲ್ಲ ಬಿಡು. ಹೂಂ ಅಂದೆ ಅಂತ ಅವಳಿಗೆ ಹೇಳು. ಮತ್ತೆ, ಅಮ್ಮ ಅಲ್ಲ, ಅತ್ತೆ."